ಜಾನಪದ ಭಂಡಾರದ ಜಾಲತಾಣ ಮತ್ತು ಸರ್ವರ್‌ನ ಕಾರ್ಯಾಚರಣ ವ್ಯವಸ್ಥೆ: ಕೊಲ್ಲಮೊಗ್ರನ್ನು ಮುಂದಿಟ್ಟುಕೊಂಡು ಒಂದು ಚಾರಿತ್ರಿಕ ಪರಿಶೀಲನೆ

ಜಾನಪದ ಸಾಮಗ್ರಿಯನ್ನು ಸಂಗ್ರಹಿಸುವ ವಿಧಾನವನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಸಂಗ್ರಹಿಸಿದ್ದನ್ನು ಎಲ್ಲಿ, ಹೇಗೆ ಇಡಬೇಕು ಎಂಬ ವಿಚಾರ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮುದ್ರಣದ ಕಾಲದಲ್ಲಿ ಇಡುವ ಜಾಗವೆಂದರೆ ಪುಸ್ತಕ, ಧ್ವನಿಮುದ್ರಣದ ಕಾಲದಲ್ಲಿ ಕ್ಯಾಸೆಟ್ಟುಗಳ ಕಪಾಟು, ಈಗ ಜಾಲತಾಣ. ಪುಸ್ತಕದ ಕಾಗದ, ಹೊಲಿಗೆ, ಕಪಾಟಿನ ತೇವಾಂಶ ಇವುಗಳ ಬಗ್ಗೆ ಗ್ರಂಥಪಾಲಕರಾದರೂ ಯೋಚಿಸುತ್ತಿದ್ದರು. ಜಾಲತಾಣದ ಹಿಂದೆ ಒಂದು ಯಂತ್ರವಿರುತ್ತದೆ, ಆ ಯಂತ್ರವನ್ನು ನಡೆಸುವ ಒಂದು ಮೂಲ ತಂತ್ರಾಂಶವಿರುತ್ತದೆ, ಅದರ ಆಯ್ಕೆಯಿಂದ ಸಂಗ್ರಹದ ಆಯುಸ್ಸು ನಿರ್ಧಾರವಾಗುತ್ತದೆ ಎಂಬ ಅರಿವು ನಮ್ಮ ವಿದ್ವತ್ ಸಂಸ್ಥೆಗಳಲ್ಲಿ ಕಡಿಮೆ. ಟೆಂಡರಿನಲ್ಲಿ ಕಡಿಮೆ ದರ ಬರೆದವರು ಯಾವ ವ್ಯವಸ್ಥೆಯನ್ನು ಹಾಕಿಕೊಡುತ್ತಾರೋ ಅದೇ ಸಂಸ್ಥೆಯ ವ್ಯವಸ್ಥೆಯಾಗುತ್ತದೆ. ಒಂದು ವರ್ಷದ ನಿರ್ವಹಣೆಯ ಅವಧಿ ಮುಗಿದ ಮೇಲೆ ಜಾಲತಾಣ ತೆರೆಯದಾದಾಗ ಯಾರನ್ನು ಕೇಳಬೇಕೆಂಬುದೂ ತಿಳಿಯುವುದಿಲ್ಲ. ಸರ್ವರ್‌ನ ಕಾರ್ಯಾಚರಣ ವ್ಯವಸ್ಥೆಯ ಆಯ್ಕೆ ಸಂಶೋಧಕನೇ ಕೈಹಾಕಬೇಕಾದ ವಿಧಾನದ ಪ್ರಶ್ನೆ ಎಂಬುದನ್ನು ಮತ್ತು ಅದಕ್ಕೆ ಬೇಕಾದ ಮಾನದಂಡ ಕನ್ನಡ ಗಣಕೀಕರಣದ ಕಳೆದ ಮೂವತ್ತು ವರ್ಷಗಳ ಚರಿತ್ರೆಯಲ್ಲೇ ಇದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಪ್ರದೇಶ ಮತ್ತು ಸಾಮಗ್ರಿ

ಚರ್ಚೆ ಗಾಳಿಯಲ್ಲಿ ತೇಲಬಾರದೆಂದು ಒಂದು ಊರನ್ನು ಇಟ್ಟುಕೊಳ್ಳೋಣ. ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನ ಕೊಲ್ಲಮೊಗ್ರು ಪಶ್ಚಿಮಘಟ್ಟದ ತಪ್ಪಲಿನಲ್ಲಿದೆ. ಹರಿಹರ ಪಳ್ಳತ್ತಡ್ಕ, ಕಲ್ಮಕಾರು ಇದರ ನೆರೆಯ ಗ್ರಾಮಗಳು. ಕುಕ್ಕೆ ಸುಬ್ರಹ್ಮಣ್ಯ ಹತ್ತಿರದ ಕ್ಷೇತ್ರ. ಅಡಿಕೆ ತೋಟ, ಕಾಡು, ಹೊಳೆ ಇವು ಇಲ್ಲಿನ ಬದುಕಿನ ನೆಲೆಗಳು. ಇಂಥ ಒಂದು ಗ್ರಾಮದಲ್ಲಿ ಕ್ಷೇತ್ರಕಾರ್ಯ ಕೈಗೊಂಡವರಿಗೆ ಒಂದೇ ಭಾಷೆಯ ಸಾಮಗ್ರಿ ಸಿಗುವುದಿಲ್ಲ. ತುಳುವಿನ ಪಾಡ್ದನ ಮತ್ತು ಗದ್ದೆಯ ಕಬಿತಗಳು, ಅರೆಭಾಷೆಯ ಸೋಬಾನೆ ಹಾಗೂ ಸಿದ್ಧವೇಷದ ಹಾಡುಗಳು, ಕನ್ನಡದ ಗಾದೆ, ಒಗಟು, ಐತಿಹ್ಯಗಳು ಒಂದರ ಪಕ್ಕ ಇನ್ನೊಂದು ದೊರೆಯುತ್ತವೆ. ಒಬ್ಬರೇ ವಕ್ತೃ ಒಂದು ಕುಳಿತದಲ್ಲಿ ಮೂರು ಭಾಷೆಗಳಲ್ಲಿ ಮಾತನಾಡುವುದೂ ಈ ಸೀಮೆಯಲ್ಲಿ ಸಹಜ.

ಇವೆಲ್ಲವೂ ಇಂದು ಗಣಕದಲ್ಲಿ ಕನ್ನಡ ಲಿಪಿಯಲ್ಲಿ ದಾಖಲಾಗುತ್ತವೆ. ಧ್ವನಿಯ ಸಂಗತಿಯೇ ಬೇರೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘಟನೆ ಶಿಫಾರಸು ಮಾಡಿರುವ ಕನಿಷ್ಠ ಮಟ್ಟದಲ್ಲಿ, ಅಂದರೆ ಸೆಕೆಂಡಿಗೆ 48,000 ಮಾದರಿ ಹಾಗೂ 24 ಬಿಟ್‌ಗಳಲ್ಲಿ ದಾಖಲಿಸಿದರೆ ಎರಡು ವಾಹಿನಿಯ ಒಂದು ಗಂಟೆಯ ಮುದ್ರಣ ಸುಮಾರು ಒಂದು ಗಿಗಾಬೈಟ್ ಆಗುತ್ತದೆ. ಒಂದು ರಾತ್ರಿಯ ನೇಮದ ಮುದ್ರಣ ಎಷ್ಟಾದೀತು ಎಂಬುದನ್ನು ಇದರಿಂದ ಲೆಕ್ಕ ಹಾಕಬಹುದು. ಹಾಡಿದವರಲ್ಲಿ ಅನೇಕರು ಇಂದು ಇಲ್ಲ. ಮರಳಿ ಹೋಗಿ ಮತ್ತೊಮ್ಮೆ ಹಾಡಿಸಿಕೊಳ್ಳೋಣವೆಂದರೆ ಸಾಧ್ಯವಾಗುವ ಮಾತಲ್ಲ.

ಇಡುವ ಜಾಗದ ಹಿಂದಿನ ಚರಿತ್ರೆ

ಕರಾವಳಿಯ ಮಟ್ಟಿಗೆ ಈ ಚರಿತ್ರೆ ದೀರ್ಘವಾದುದು. ಎ. ಮ್ಯಾನರ್ ಸಂಗ್ರಹಿಸಿದ ಪಾಡ್ದನಗಳು 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕನ್ನಡ ಲಿಪಿಯಲ್ಲಿ ಪ್ರಕಟವಾದವು. ಅದಕ್ಕೂ ಹಿಂದೆ ತುಳು ಲಿಪಿಯ ತಾಳೆಗರಿಗಳಿದ್ದವು. ಆ ಗರಿಗಳಿಂದಲೇ ವೆಂಕಟರಾಜ ಪುಣಿಂಚತ್ತಾಯರು ಹಳೆಯ ತುಳು ಕಾವ್ಯಗಳನ್ನು ಬೆಳಕಿಗೆ ತಂದರು. ತಾಳೆಗರಿ ಶಾಶ್ವತವೆಂದು ಯಾವ ಲಿಪಿಕಾರನೂ ನಂಬಿರಲಿಲ್ಲ. ಗರಿಗೆ ಎಣ್ಣೆ ಸವರುವುದು, ಬಿಸಿಲು ಕಾಣಿಸುವುದು, ಜೀರ್ಣವಾಗುವ ಮೊದಲೇ ಪ್ರತಿ ಮಾಡಿಡುವುದು ಇವು ಸಂಪ್ರದಾಯದ ಭಾಗವಾಗಿದ್ದವು. ಉಳಿದು ಬಂದ ಕೃತಿಗಳೆಲ್ಲ ಪ್ರತಿಯ ಪ್ರತಿಗಳು.

ಧ್ವನಿಮುದ್ರಣದ ಕಾಲ ಬಂದಾಗ ಈ ವಿವೇಕ ಸ್ವಲ್ಪ ಮರೆಯಾಯಿತು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರ ನೇತೃತ್ವದಲ್ಲಿ ನಡೆದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರದ ಕೆಲಸ, ಮಾಚಾರು ಗೋಪಾಲ ನಾಯ್ಕರಿಂದ 1990ರ ಡಿಸೆಂಬರಿನಲ್ಲಿ ಲೌರಿ ಹಾಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು ದಾಖಲಿಸಿಕೊಂಡ 15,683 ಸಾಲುಗಳ ಸಿರಿ ಮಹಾಕಾವ್ಯ ಇವು ಈ ಕಾಲದ ದೊಡ್ಡ ಸಾಧನೆಗಳು. ಸಿರಿ ಕಾವ್ಯ 1998ರಲ್ಲಿ ಅಚ್ಚಾಯಿತು, ಆದ್ದರಿಂದ ಜಗತ್ತಿನ ಗ್ರಂಥಾಲಯಗಳಲ್ಲಿ ನೆಲೆ ನಿಂತಿತು. ಅಂಥ ಸಾಂಸ್ಥಿಕ ಬಲವಿಲ್ಲದೆ ಬಿಡಿಬಿಡಿಯಾಗಿ ಕ್ಯಾಸೆಟ್ಟುಗಳಲ್ಲಿ ಮುದ್ರಿಸಿಕೊಂಡವರ ಸಾಮಗ್ರಿಯ ಗತಿ ಬೇರೆಯಾಯಿತು: ಬೂಷ್ಟು ಹಿಡಿದ ಟೇಪು, ಅದನ್ನು ನುಡಿಸುವ ಯಂತ್ರವೇ ಇಲ್ಲದ ಪರಿಸ್ಥಿತಿ. ವಸ್ತು ಇದ್ದರೂ ಅದನ್ನು ಓದುವ ಸಾಧನ ಇಲ್ಲವಾದರೆ ವಸ್ತು ಇಲ್ಲದಂತೆಯೇ. ಜಾಲತಾಣದ ವಿಷಯದಲ್ಲೂ ಆಗುವುದು ಇದೇ, ಆದರೆ ಹೆಚ್ಚು ವೇಗವಾಗಿ.

ಸರ್ವರ್ ಎಂದರೇನು, ಅದು ಏನನ್ನು ಮಾಡುವುದಿಲ್ಲ

ಓದುಗನ ಗಣಕ ಅಥವಾ ಮೊಬೈಲು ಕೇಳಿದ ಪುಟವನ್ನು ಕಳುಹಿಸಿಕೊಡುವ, ಹಗಲು ರಾತ್ರಿ ಎಚ್ಚರವಿರುವ ಗಣಕವೇ ಸರ್ವರ್. ಅದರ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಎರಡು ವಂಶಗಳಿವೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್‌ನ ವಂಶ ಒಂದು; 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ಮೂಲದಿಂದ ಬಂದ ಫ್ರೀಬಿಎಸ್‌ಡಿ ಇದೇ ರೀತಿಯವು. 1993ರಲ್ಲಿ ಬಂದ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಎನ್‌ಟಿಯಿಂದ ಬೆಳೆದ ವಿಂಡೋಸ್ ಸರ್ವರ್ ಇನ್ನೊಂದು. ಮೊದಲ ವಂಶದಲ್ಲಿ ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶಗಳೇ ಇಂದು ಪ್ರಧಾನ. ಎರಡನೆಯದು ಪರವಾನಗಿ ಶುಲ್ಕ ಕೊಟ್ಟು ಪಡೆಯಬೇಕಾದುದು. ಜಗತ್ತಿನ ಸಾರ್ವಜನಿಕ ಜಾಲತಾಣಗಳಲ್ಲಿ ಬಹುಪಾಲು ಇಂದು ಮೊದಲ ವಂಶದ ಮೇಲೆ ನಿಂತಿವೆ.

ಕನ್ನಡಿಗರಲ್ಲಿ ಬಹುಕಾಲ ಒಂದು ತಪ್ಪು ತಿಳಿವಳಿಕೆ ಇತ್ತು: ನಮ್ಮ ಮೇಜಿನ ಗಣಕದಲ್ಲಿ ಕನ್ನಡ ವಿಂಡೋಸ್‌ನಲ್ಲಿ ಚೆನ್ನಾಗಿ ಮೂಡುತ್ತದೆ, ಆದ್ದರಿಂದ ಸರ್ವರ್ ಕೂಡ ವಿಂಡೋಸೇ ಆಗಬೇಕು ಎಂಬುದು. ಸರ್ವರ್ ಅಕ್ಷರವನ್ನು ಬರೆಯುವುದಿಲ್ಲ. ಅದು ಸಂಖ್ಯೆಗಳ ಸಾಲನ್ನು ಕಳುಹಿಸುತ್ತದೆ. ಒತ್ತಕ್ಷರ, ಗುಣಿತಗಳೆಲ್ಲ ಆಕಾರ ತಾಳುವುದು ಓದುವವನ ಯಂತ್ರದಲ್ಲಿ. ಈ ತಪ್ಪು ತಿಳಿವಳಿಕೆಗೆ ಚಾರಿತ್ರಿಕ ಕಾರಣವೂ ಉಂಟು. ಕನ್ನಡದ ಮೊದಲ ಅಂತರಜಾಲ ಪತ್ರಿಕೆಯಾದ, ಯು.ಬಿ. ಪವನಜರ ‘ವಿಶ್ವಕನ್ನಡ’ 1996ರಲ್ಲಿ ಆರಂಭವಾದಾಗ ಕನ್ನಡಕ್ಕೆ ಯೂನಿಕೋಡ್ ಸಂಕೇತಗಳು ಕಾಗದದ ಮೇಲೆ ಇದ್ದವೇ ಹೊರತು ಬಳಕೆಯ ಗಣಕಗಳಲ್ಲಿ ಇರಲಿಲ್ಲ. ಇಂಗ್ಲಿಷಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಿದ ಫಾಂಟುಗಳೇ ಆಗ ಗತಿ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ಕೀಲಿಮಣೆಗೆ ಆಧಾರವಾದದ್ದು ನಮ್ಮದೇ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸ. ತಾವು ರೂಪಿಸಿ ಉಚಿತವಾಗಿ ಹಂಚಿದ ತಂತ್ರಾಂಶಕ್ಕೆ ಅವರು ‘ಸೇಡಿಯಾಪು’ ಎಂದು ಹೆಸರಿಟ್ಟದ್ದು ಈ ಸೀಮೆಯ ವಿದ್ವತ್ತಿಗೆ ಸಲ್ಲಿಸಿದ ಗೌರವ. ಸುಳ್ಯ ತಾಲೂಕಿನ ಚೊಕ್ಕಾಡಿಯವರಾದ ಪ್ರೊ. ಕೆ. ಚಿದಾನಂದ ಗೌಡರು ರಾಜ್ಯ ಸರಕಾರದ ಕನ್ನಡ ತಂತ್ರಾಂಶ ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾಗಿದ್ದುದನ್ನೂ ಇಲ್ಲಿ ನೆನೆಯಬೇಕು. ಕನ್ನಡ ಗಣಕೀಕರಣಕ್ಕೆ ಈ ಜಿಲ್ಲೆಯ ಕೊಡುಗೆ ಸಣ್ಣದಲ್ಲ.

ಈ ತಂತ್ರಾಂಶಗಳು ಕನ್ನಡವನ್ನು ಮೇಜಿನ ಗಣಕಕ್ಕೆ ತಂದವು. ಜಾಲತಾಣದಲ್ಲಿ ಮಾತ್ರ ಅವುಗಳ ಫಾಂಟು ಆಧಾರಿತ ಪಠ್ಯ ತೊಡಕಾಯಿತು. ಪುಟದೊಡನೆ ಫಾಂಟನ್ನೂ ಕಳುಹಿಸುವ ತಂತ್ರ ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ಸರಿಯಾಗಿ ನಡೆಯುತ್ತಿತ್ತು. ಅದಕ್ಕಿಂತ ಸೂಕ್ಷ್ಮವಾದ ಸಮಸ್ಯೆ ಸರ್ವರ್‌ನದು. ಪುಟವನ್ನು ಕಳುಹಿಸುವಾಗ ಅದರ ಅಕ್ಷರ ಸಂಕೇತ ಯಾವುದೆಂದು ಸರ್ವರ್ ಮೊದಲೇ ಸಾರಿಬಿಡಬಹುದು. ಅಪಾಚೆ ಎಂಬ ಜಾಲ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ಸಾಲು ಇದೆ. ಆ ಸಾಲು ಯುಟಿಎಫ್-8 ಎಂದಿದ್ದರೆ ಹಳೆಯ ಫಾಂಟು ಆಧಾರಿತ ಪುಟದ ಅರ್ಧ ಅಕ್ಷರಗಳು ಚೌಕಗಳಾಗುತ್ತಿದ್ದವು. ಹಳೆಯ ಲ್ಯಾಟಿನ್ ಸಂಕೇತವೆಂದಿದ್ದರೆ ಹೊಸ ಯೂನಿಕೋಡ್ ಪುಟ ಕಲಸುಮೇಲೋಗರವಾಗುತ್ತಿತ್ತು. ಸರ್ವರ್ ಬದಲಾದ ಮರುದಿನ ಜಾಲತಾಣದ ಕನ್ನಡ ಕೆಟ್ಟಿತೆಂದು ಆ ದಿನಗಳಲ್ಲಿ ಕೇಳಿಬರುತ್ತಿದ್ದ ದೂರುಗಳ ಹಿಂದೆ ಹಲವು ಬಾರಿ ಈ ಒಂದು ಸಾಲು ಇರುತ್ತಿತ್ತು. ಒಟ್ಟಿನಲ್ಲಿ ಒಂದು ತಲೆಮಾರಿನ ಕನ್ನಡ ಜಾಲಪುಟಗಳು ಇಂದು ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೂ ಓದಲಾಗುವುದಿಲ್ಲ. ಉಚಿತ ತಾಣವಾಗಿದ್ದ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಮುಚ್ಚಿದಾಗ ಅಲ್ಲಿದ್ದ ವೈಯಕ್ತಿಕ ಪುಟಗಳೂ ಹೋದವು.

ಕಡತದ ಹೆಸರು

ಎರಡು ವಂಶಗಳ ನಡುವಿನ ನಿಜವಾದ ವ್ಯತ್ಯಾಸ ಸಂಶೋಧಕನಿಗೆ ಅನುಭವಕ್ಕೆ ಬರುವುದು ಕಡತದ ಹೆಸರಿನಲ್ಲಿ. ಇದು ಕ್ಷುಲ್ಲಕವೆಂದು ತೋರಬಹುದು. ಆದರೆ ಜಾನಪದ ಸಂಗ್ರಹದಲ್ಲಿ ಹೆಸರೇ ಸೂಚಿ. ಹೆಸರು ತಪ್ಪಿದ ಹಾಡು ಕಳೆದುಹೋದ ಹಾಡು.

ವಿಂಡೋಸ್ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಒಂದೇ ಎಂದು ತಿಳಿಯುತ್ತದೆ. ಲಿನಕ್ಸ್ ಬೇರೆ ಬೇರೆ ಎಂದು ತಿಳಿಯುತ್ತದೆ. ವಿಂಡೋಸಿನಲ್ಲಿ ಕಟ್ಟಿದ ಜಾಲತಾಣವನ್ನು ಲಿನಕ್ಸಿಗೆ ತಂದಾಗ ಅರ್ಧದಷ್ಟು ಚಿತ್ರಗಳು ಕಾಣದಿರುವುದಕ್ಕೆ ಇದು ಮಾಮೂಲಿ ಕಾರಣ. ಇದು ಇಂಗ್ಲಿಷಿನ ಸಮಸ್ಯೆ, ಪರಿಹಾರ ಸುಲಭ. ಕನ್ನಡದ ಸಮಸ್ಯೆ ಇನ್ನೂ ಆಳದ್ದು.

‘ಕೊಲ್ಲಮೊಗ್ರು’ ಎಂಬ ಹೆಸರನ್ನೇ ನೋಡೋಣ. ಯೂನಿಕೋಡಿನಲ್ಲಿ ಇದರಲ್ಲಿ 11 ಸಂಕೇತಗಳಿವೆ: ಕ, ಒ-ಕಾರದ ಚಿಹ್ನೆ, ಲ, ಹಲಂತ, ಲ, ಮ, ಮತ್ತೆ ಒ-ಕಾರದ ಚಿಹ್ನೆ, ಗ, ಹಲಂತ, ರ, ಉ-ಕಾರದ ಚಿಹ್ನೆ. ಯುಟಿಎಫ್-8 ರೂಪದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ 3 ಬೈಟುಗಳು ಬೇಕು, ಒಟ್ಟು 33. ಆದರೆ ಒ-ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ-ಕಾರ ಮತ್ತು ಊ-ಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಎರಡೂ ಯೂನಿಕೋಡಿನ ಪ್ರಕಾರ ಸಮಾನ, ಕಣ್ಣಿಗೆ ಒಂದೇ. ಜೋಡಿಯಾಗಿ ಬರೆದಾಗ ನಮ್ಮ ಊರಿನ ಹೆಸರು 13 ಸಂಕೇತಗಳ, 39 ಬೈಟುಗಳ ಹೆಸರಾಗುತ್ತದೆ. ಮ್ಯಾಕ್ ಗಣಕಗಳು ಬಹುಕಾಲ ಬಳಸಿದ ಕಡತ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಯಾವುದನ್ನೂ ಬಿಡಿಸುವುದಿಲ್ಲ, ಕೂಡಿಸುವುದಿಲ್ಲ. ಬಂದ ಬೈಟುಗಳನ್ನು ಹಾಗೆಯೇ ಇಡುತ್ತದೆ. ಹೀಗಾಗಿ ಮ್ಯಾಕ್‌ನಲ್ಲಿ ಹೆಸರಿಟ್ಟ ಒಂದು ಕಡಕೋಶ, ವಿಂಡೋಸಿನಲ್ಲಿ ಹೆಸರಿಟ್ಟ ಇನ್ನೊಂದು ಕಡಕೋಶ ಲಿನಕ್ಸ್ ಸರ್ವರ್‌ಗೆ ಬಂದರೆ ಅಲ್ಲಿ ‘ಕೊಲ್ಲಮೊಗ್ರು’ ಎಂಬ ಎರಡು ಊರುಗಳು ಅಕ್ಕಪಕ್ಕದಲ್ಲಿ ಕಾಣಿಸುತ್ತವೆ. ಕೊಂಡಿ ಒಂದಕ್ಕೆ ಹೋಗುತ್ತದೆ, ಹಾಡು ಇನ್ನೊಂದರಲ್ಲಿರುತ್ತದೆ. ತುಳುವಿನ ಪದಾಂತ್ಯದ ಅರೆ ಉಕಾರವನ್ನು ಸೂಚಿಸಲು ಮತ್ತು ಒತ್ತಕ್ಷರ ಮೂಡದಂತೆ ತಡೆಯಲು ನಾವು ಬಳಸುವ, ಅಗಲವೇ ಇಲ್ಲದ ಅದೃಶ್ಯ ಚಿಹ್ನೆಯೂ ಇದೇ ಬಗೆಯ ಗೊಂದಲವನ್ನು ಹುಟ್ಟಿಸುತ್ತದೆ.

ಇನ್ನೊಂದು ಮಿತಿ ಉದ್ದದ್ದು. ವಿಂಡೋಸಿನ ಕಡತ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಸಂಕೇತಗಳವರೆಗೆ ಅವಕಾಶ. ಲಿನಕ್ಸಿನ ಸಾಮಾನ್ಯ ಕಡತ ವ್ಯವಸ್ಥೆಯಲ್ಲಿ 255 ಬೈಟುಗಳು. ಇಂಗ್ಲಿಷಿಗೆ ಎರಡೂ ಒಂದೇ. ಕನ್ನಡಕ್ಕೆ ಎರಡನೆಯದು ಕೇವಲ 85 ಸಂಕೇತಗಳಾಗುತ್ತವೆ. ಹಾಡಿನ ಮೊದಲ ಸಾಲು, ವಕ್ತೃವಿನ ಹೆಸರು, ಮನೆತನ, ಊರು, ತಾರೀಖು ಎಲ್ಲವನ್ನೂ ಹೆಸರಿನಲ್ಲೇ ಸೇರಿಸುವ ನಮ್ಮ ಕ್ಷೇತ್ರಕಾರ್ಯದ ರೂಢಿಗೆ ಇದು ಸಾಲದು. ಮೇಜಿನ ಗಣಕದಲ್ಲಿ ನೆಟ್ಟಗಿದ್ದ ಕಡತ ಸರ್ವರ್‌ಗೆ ಏರುವಾಗ ನಿಂತುಬಿಡುತ್ತದೆ. ಈ ಒಂದು ಅಂಶದಲ್ಲಿ ವಿಂಡೋಸ್ ಕನ್ನಡಕ್ಕೆ ಹೆಚ್ಚು ಉದಾರಿ ಎಂಬುದನ್ನು ಒಪ್ಪಬೇಕು. ಆದರೂ ಕಡತಕ್ಕೆ ಕ್ರಮಸಂಖ್ಯೆಯನ್ನಷ್ಟೇ ಇಟ್ಟು ವಿವರಗಳನ್ನು ಪ್ರತ್ಯೇಕ ಸೂಚಿಯಲ್ಲಿ ಬರೆಯುವುದೇ ಸರಿಯಾದ ಕ್ರಮ. ಹಸ್ತಪ್ರತಿ ಭಂಡಾರಗಳಲ್ಲಿ ಕಟ್ಟಿಗೆ ಸಂಖ್ಯೆ ಕೊಟ್ಟು ಸೂಚಿ ಬರೆದವರು ಇದನ್ನು ನಮಗಿಂತ ಮೊದಲೇ ಅರಿತಿದ್ದರು.

ದತ್ತಸಂಚಯ, ಅಕಾರಾದಿ ಮತ್ತು ತುಳು ಲಿಪಿ

ಸೂಚಿಯನ್ನು ಇಡುವ ದತ್ತಸಂಚಯ ತಂತ್ರಾಂಶ ಕಾರ್ಯಾಚರಣ ವ್ಯವಸ್ಥೆಯ ಭಾಗವಲ್ಲ. ಆದರೆ ಯಾವ ಆವೃತ್ತಿ, ಯಾವ ಪೂರ್ವನಿಯೋಜಿತ ಸಂಕೇತದೊಂದಿಗೆ ಬರುತ್ತದೆ ಎಂಬುದನ್ನು ವ್ಯವಸ್ಥೆಯನ್ನು ಕಟ್ಟಿಕೊಡುವವರು ತೀರ್ಮಾನಿಸುತ್ತಾರೆ. ಅತ್ಯಂತ ಬಳಕೆಯಲ್ಲಿದ್ದ ಮೈಎಸ್‌ಕ್ಯೂಎಲ್ 2018ರ ಎಂಟನೆಯ ಆವೃತ್ತಿಯವರೆಗೂ ಲ್ಯಾಟಿನ್ ಸಂಕೇತವನ್ನೇ ಪೂರ್ವನಿಯೋಜಿತವಾಗಿ ಇಟ್ಟುಕೊಂಡಿತ್ತು. ಅದನ್ನು ಬದಲಾಯಿಸದೆ ಕನ್ನಡ ತುಂಬಿದವರಿಗೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲುಗಳು ಸಿಕ್ಕವು. ಹಾಗೆ ಪ್ರಶ್ನಾರ್ಥಕವಾದ ಅಕ್ಷರ ಮರಳಿ ಬಾರದು. ಮೂಲ ಪ್ರತಿಯಿಂದ ಮತ್ತೆ ತುಂಬಬೇಕು. ಬದಲಾಯಿಸಿದವರಿಗೂ ಇನ್ನೊಂದು ಹೊಂಡವಿತ್ತು. ಅದರಲ್ಲಿ ‘ಯುಟಿಎಫ್-8’ ಎಂಬ ಹೆಸರಿನಲ್ಲಿದ್ದುದು ಮೂರು ಬೈಟುಗಳವರೆಗಿನ ಸಂಕೇತ ಮಾತ್ರ. ಕನ್ನಡಕ್ಕೆ ಅಷ್ಟು ಸಾಕು, ಆದ್ದರಿಂದ ಯಾರಿಗೂ ತಿಳಿಯಲಿಲ್ಲ.

ಈಗ ತಿಳಿಯುವ ಕಾಲ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ದೊರೆಯಿತು. ಈ ಲಿಪಿಯ ಸಂಕೇತಗಳು ನಾಲ್ಕು ಬೈಟುಗಳವು. ತಾಳೆಗರಿಯ ಪಾಠವನ್ನು ಅದರದೇ ಲಿಪಿಯಲ್ಲಿ ಜಾಲತಾಣಕ್ಕೆ ಏರಿಸಬೇಕೆಂದರೆ ಹಳೆಯ ಮೂರು ಬೈಟುಗಳ ದತ್ತಸಂಚಯ ಅದನ್ನು ನಿರಾಕರಿಸುತ್ತದೆ, ಇಲ್ಲವೇ ಆ ಅಕ್ಷರ ಬಂದಲ್ಲಿಂದ ಮುಂದಿನ ಪಠ್ಯವನ್ನೇ ಕಡಿದುಹಾಕುತ್ತದೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆ 2017ರ ತನ್ನ ಒಂಬತ್ತನೆಯ ಆವೃತ್ತಿಯಿಂದ ಮೈಎಸ್‌ಕ್ಯೂಎಲ್‌ಗೆ ಬದಲಾಗಿ ಮರಿಯಾಡಿಬಿಯನ್ನು ಪೂರ್ಣ ನಾಲ್ಕು ಬೈಟುಗಳ ಸಂಕೇತದೊಂದಿಗೆ ಕೊಡುತ್ತಿದೆ. ತುಳುನಾಡಿನ ಸಂಸ್ಥೆಗೆ ಇದು ಸಣ್ಣ ಸಂಗತಿಯಲ್ಲ.

ಅಕಾರಾದಿಯ ಕುರಿತು ಒಂದು ಮಾತು. ಗಾದೆ, ಒಗಟುಗಳ ಸೂಚಿಗೆ ಕನ್ನಡದ ಅಕಾರಾದಿ ಕ್ರಮ ಬೇಕು. ಲಿನಕ್ಸಿನಲ್ಲಿ ಈ ಕ್ರಮವನ್ನು ಒದಗಿಸುವ ಮೂಲ ಗ್ರಂಥಾಲಯದಲ್ಲಿ ಕನ್ನಡವೂ ಇದೆ, ತುಳುವೂ ಇದೆ ಎಂಬುದು ಸಂತೋಷದ ವಿಷಯ. ಆದರೆ 2018ರ ಆಗಸ್ಟಿನಲ್ಲಿ ಈ ಗ್ರಂಥಾಲಯದ ಕ್ರಮನಿಯಮಗಳು ಒಮ್ಮೆಲೇ ನವೀಕರಣಗೊಂಡವು. ಅದನ್ನು ನೆಚ್ಚಿದ್ದ ಪೋಸ್ಟ್‌ಗ್ರೆಸ್ ದತ್ತಸಂಚಯಗಳ ಸೂಚಿಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಕಟ್ಟದಿದ್ದವರಿಗೆ ಇರುವ ನಮೂದೇ ಇಲ್ಲವೆಂಬ ಉತ್ತರ ಬರುವ ಅಪಾಯವಿತ್ತು. ವ್ಯವಸ್ಥೆಯನ್ನು ಮೇಲ್ದರ್ಜೆಗೆ ಏರಿಸುವ ಮುನ್ನ ಏನು ಬದಲಾಗಿದೆ ಎಂಬ ಟಿಪ್ಪಣಿಯನ್ನು ಯಾರಾದರೊಬ್ಬರು ಓದಲೇಬೇಕು.

ಆಯುಸ್ಸಿನ ಪ್ರಶ್ನೆ

ಪ್ರತಿಯೊಂದು ಕಾರ್ಯಾಚರಣ ವ್ಯವಸ್ಥೆಗೂ ಅದನ್ನು ಮಾಡಿದವರು ಭದ್ರತೆಯ ತಿದ್ದುಪಡಿಗಳನ್ನು ಕೊಡುವ ಒಂದು ಅವಧಿ ಇರುತ್ತದೆ. ಆ ಬಳಿಕವೂ ಯಂತ್ರ ಓಡುತ್ತದೆ, ಆದರೆ ಬಾಗಿಲಿಗೆ ಅಗಳಿ ಇರುವುದಿಲ್ಲ. ವಿಂಡೋಸ್ ಸರ್ವರ್ 2003ಕ್ಕೆ ಬೆಂಬಲ 2015ರ ಜುಲೈಯಲ್ಲಿ, 2008ಕ್ಕೆ 2020ರ ಜನವರಿಯಲ್ಲಿ, 2012ಕ್ಕೆ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಅಂದರೆ ಸರಿಸುಮಾರು ಹತ್ತು ಹನ್ನೆರಡು ವರ್ಷ. ಡೆಬಿಯನ್‌ಗೆ ಮೂರು ವರ್ಷ ಮತ್ತು ದೀರ್ಘಾವಧಿಯ ಬೆಂಬಲ ಸೇರಿ ಐದು ವರ್ಷ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೂ ಸಾಮಾನ್ಯವಾಗಿ ಐದು. ಅಂಕಿಗಳನ್ನಷ್ಟೇ ನೋಡಿದರೆ ಶುಲ್ಕದ ವ್ಯವಸ್ಥೆಯೇ ದೀರ್ಘಾಯು. ಮುಕ್ತ ತಂತ್ರಾಂಶದ ಪರವಾಗಿ ಬರೆಯುವವರು ಇದನ್ನು ಹಲವು ಬಾರಿ ಹೇಳದೆ ಬಿಡುತ್ತಾರೆ.

ದೀರ್ಘಾಯುವೂ ಉಚಿತವೂ ಆದ ಒಂದು ಆಯ್ಕೆ ಇತ್ತು: ಸೆಂಟ್‌ಒಎಸ್. ರೆಡ್ ಹ್ಯಾಟ್ ಸಂಸ್ಥೆಯ ಶುಲ್ಕದ ಲಿನಕ್ಸಿನ ಮೂಲದಿಂದಲೇ ಕಟ್ಟಿ ಉಚಿತವಾಗಿ ಕೊಡುತ್ತಿದ್ದ ಇದನ್ನು ನೆಚ್ಚಿ ಜಗತ್ತಿನ ಅಸಂಖ್ಯ ಜಾಲತಾಣಗಳು ನಿಂತಿದ್ದವು. ಎಂಟನೆಯ ಆವೃತ್ತಿ 2029ರವರೆಗೆ ನಡೆಯುತ್ತದೆಂಬ ನಿರೀಕ್ಷೆ ಇತ್ತು. 2020ರ ಡಿಸೆಂಬರಿನಲ್ಲಿ ಅದು 2021ರ ಕೊನೆಗೇ ಮುಗಿಯುತ್ತದೆಂಬ ಪ್ರಕಟಣೆ ಹೊರಬಿತ್ತು. ಅಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಹೊಸ ವಿತರಣೆಗಳು 2021ರಲ್ಲೇ ಹುಟ್ಟಿ ಆ ಜಾಗವನ್ನು ತುಂಬಿದವು. ಉಚಿತವಾದುದು ಸ್ಥಿರವೆಂದೂ ಅಲ್ಲ, ಕೈಬಿಟ್ಟರೆ ಅನಾಥವಾಗುತ್ತದೆಂದೂ ಅಲ್ಲ. ಮೂಲ ಸಂಕೇತ ತೆರೆದಿದ್ದುದರಿಂದ ಬೇರೆಯವರು ಎತ್ತಿಕೊಂಡರು. ಶುಲ್ಕದ ವ್ಯವಸ್ಥೆಯೊಂದು ಹೀಗೆ ನಿಂತರೆ ಎತ್ತಿಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಇಲ್ಲಿ ನಮ್ಮ ನಾಡಿನ ಒಂದು ರೂಢಿಯನ್ನು ಗಮನಿಸುವುದು ಅಪ್ರಸ್ತುತವಾಗಲಾರದು. ತುಳುನಾಡಿನ ದೈವಗಳ ಮೊಗ, ಕಡ್ತಲೆ, ಗಗ್ಗರ ಮೊದಲಾದ ಆಭರಣಾಯುಧಗಳು ಭಂಡಾರದ ಮನೆಯಲ್ಲಿರುತ್ತವೆ. ವರ್ಷಾವಧಿ ನೇಮಕ್ಕೆ ಭಂಡಾರ ಇಳಿಯುತ್ತದೆ; ಎಲ್ಲವನ್ನೂ ಹೊರತೆಗೆದು, ಬೆಳಗಿ, ಎಣಿಸಿ, ಬಳಸಿ, ಮತ್ತೆ ಒಳಗಿಡುತ್ತಾರೆ. ಸವೆದುದು ಯಾವುದು, ರಿಪೇರಿ ಯಾವುದಕ್ಕೆ ಬೇಕು ಎಂಬುದು ಪ್ರತಿ ವರ್ಷವೂ ಹತ್ತು ಸಮಸ್ತರ ಕಣ್ಣಿಗೆ ಬೀಳುತ್ತದೆ. ನೇಮ ನಿಂತುಹೋದ ಕಡೆ ಭಂಡಾರದ ಬಾಗಿಲು ತೆರೆಯುವುದಿಲ್ಲ. ತೆರೆದಾಗ ಒಳಗೆ ಏನಿತ್ತೆಂದು ಹೇಳುವವರೂ ಇರುವುದಿಲ್ಲ. ಹತ್ತು ವರ್ಷ ಮುಟ್ಟಬೇಕಾಗಿಲ್ಲದ ಸರ್ವರ್ ನನಗೆ ಇಂಥ ಮುಚ್ಚಿದ ಭಂಡಾರದಂತೆ ತೋರುತ್ತದೆ. ಹತ್ತನೆಯ ವರ್ಷ ಅದನ್ನು ತೆರೆಯುವವನು ಅದನ್ನು ಕಟ್ಟಿದವನಾಗಿರುವುದಿಲ್ಲ. ಎರಡು ವರ್ಷಗಳಿಗೊಮ್ಮೆ ಹೊಸ ಆವೃತ್ತಿ ಬರುವ, ಇದ್ದಲ್ಲಿಯೇ ಮೇಲ್ದರ್ಜೆಗೆ ಏರಿಸಬಹುದಾದ, ಅದಕ್ಕಾಗಿ ಕಡತ ಮಂಡಿಸಿ ಹಣ ಮಂಜೂರಾತಿಗೆ ಕಾಯಬೇಕಿಲ್ಲದ ಡೆಬಿಯನ್ ಈ ದೃಷ್ಟಿಯಿಂದ ಮೇಲು ಎಂಬುದು ನನ್ನ ನಿಲುವು. ಮುಟ್ಟುವ ಅಭ್ಯಾಸ ಉಳಿಯುತ್ತದೆ.

ಫ್ರೀಬಿಎಸ್‌ಡಿಯ ಪರವಾಗಿಯೂ ಒಂದು ಗಟ್ಟಿ ವಾದವಿದೆ. ಕಡತದ ಒಂದು ಬಿಟ್ ಕೆಟ್ಟರೂ ಪತ್ತೆ ಹಚ್ಚುವ, ಇನ್ನೊಂದು ಪ್ರತಿಯಿದ್ದರೆ ಸರಿಪಡಿಸುವ ಜಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಅದರಲ್ಲಿ ಒಳಗೂಡಿಯೇ ಬರುತ್ತದೆ. ಮೂಲ ಧ್ವನಿಮುದ್ರಿಕೆಗಳ ದಾಸ್ತಾನಿಗೆ ಇದು ಉತ್ತಮ. ಜಾಲತಾಣಕ್ಕೆ ಬೇಕಾದ ನೆರವಿನ ಕೈಗಳು ಮಾತ್ರ ನಮ್ಮ ಕಡೆ ವಿರಳ.

ಕೈಗಳು ಮತ್ತು ನೆಲೆ

ಕೊನೆಗೆ ಪ್ರಶ್ನೆ ಬಂದು ನಿಲ್ಲುವುದು ಕೈಗಳ ಬಳಿ. ಸುಳ್ಯದಿಂದ ಜಾಲ್ಸೂರು ದಾಟಿದರೆ ಕೇರಳ. ಅಲ್ಲಿನ ಐಟಿ ಅಟ್ ಸ್ಕೂಲ್ ಯೋಜನೆ 2000ರ ದಶಕದ ಉತ್ತರಾರ್ಧದಲ್ಲಿ ಶಾಲೆಗಳ ಗಣಕ ಶಿಕ್ಷಣವನ್ನು ಲಿನಕ್ಸಿಗೆ ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತರು. ಗಡಿಯ ಈಚೆ ಗಣಕದ ಕನ್ನಡವೆಂದರೆ ವಿಂಡೋಸ್ ಮೇಲಿನ ‘ನುಡಿ’ ಎಂಬ ಸ್ಥಿತಿ ಬಹುಕಾಲ ಉಳಿಯಿತು. ಒಂದೇ ಭಾಷೆಯ, ಒಂದೇ ಸಂಸ್ಕೃತಿಯ ಮಕ್ಕಳು ಗಡಿಗೆರೆಯ ಎರಡು ಕಡೆ ಎರಡು ಬಗೆಯ ಗಣಕ ಪರಿಚಯ ಪಡೆದರು. ಭಾರತ ಸರಕಾರವೂ 2007ರಲ್ಲಿ ಸಿ-ಡ್ಯಾಕ್ ಮೂಲಕ ಡೆಬಿಯನ್ ಆಧಾರಿತ ‘ಬಾಸ್’ ವ್ಯವಸ್ಥೆಯನ್ನು ಹೊರತಂದಿತ್ತು. 2015ರಲ್ಲಿ ಸರಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ನೀತಿ ಇದ್ದರೂ ಅದನ್ನು ಓದಿ ಟೆಂಡರಿನ ಷರತ್ತಿಗೆ ಸೇರಿಸುವವರು ಬೇಕು. ಸುಳ್ಯದಲ್ಲಿ ಎಂಜಿನಿಯರಿಂಗ್ ಕಾಲೇಜು ಇದೆ; ಲಿನಕ್ಸ್ ಬಲ್ಲ ತರುಣರು ಈಗ ಈ ಹಳ್ಳಿಗಳಲ್ಲೇ ಇದ್ದಾರೆ. ಅಕಾಡೆಮಿಗಳು ಅವರನ್ನು ಕೇಳಿಲ್ಲ ಅಷ್ಟೆ.

ಸಮುದಾಯದ ಕೈಗಳಿಂದ ನಡೆಯುವ ತಾಣಗಳ ಉದಾಹರಣೆಯೂ ನಮ್ಮ ಮುಂದಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, 2016ರ ಆಗಸ್ಟಿನಲ್ಲಿ ಪೂರ್ಣ ತಾಣವಾಗಿ ಹೊರಬಂದ ತುಳು ವಿಕಿಪೀಡಿಯ ಇವುಗಳ ಸರ್ವರ್‌ಗಳು ಲಿನಕ್ಸ್ ಮೇಲೆ ನಿಂತಿವೆ. ವಿಕಿಮೀಡಿಯ ಪ್ರತಿಷ್ಠಾನ 2008ರ ಸುಮಾರಿಗೆ ಉಬುಂಟುವನ್ನು, ಆಮೇಲೆ ಡೆಬಿಯನ್‌ನ್ನು ಆರಿಸಿಕೊಂಡಿತು. ಈ ಬದಲಾವಣೆಗಳು ತುಳುವಿನಲ್ಲಿ ಬರೆಯುವವರ ಅರಿವಿಗೂ ಬರಲಿಲ್ಲ. ವ್ಯವಸ್ಥೆ ಬದಲಾದರೂ ಪಠ್ಯ ಅಲುಗದಿರುವುದೇ ಒಳ್ಳೆಯ ಆಯ್ಕೆಯ ಲಕ್ಷಣ.

ಯಂತ್ರವನ್ನು ಊರಲ್ಲೇ ಇಡಬಹುದೇ? 2022ರ ಆಗಸ್ಟಿನ ಆರಂಭದ ಮಳೆಗೆ ಹರಿಹರ, ಕೊಲ್ಲಮೊಗ್ರು, ಕಲ್ಮಕಾರು ಪರಿಸರದಲ್ಲಿ ಹೊಳೆಗಳು ಉಕ್ಕಿ ಸೇತುವೆ, ತೋಟಗಳು ಹಾಳಾದುದನ್ನು ಕಂಡವರು ಆ ಸಲಹೆ ಕೊಡಲಾರರು. ಮಳೆಗಾಲದಲ್ಲಿ ವಿದ್ಯುತ್ತು, ದೂರವಾಣಿ ಸಂಪರ್ಕ ಇಲ್ಲಿ ನೆಚ್ಚುವಂಥದ್ದಲ್ಲ. ಜನರಿಗೆ ಉತ್ತರಿಸುವ ಸರ್ವರ್ ನಗರದ ದತ್ತಕೇಂದ್ರದಲ್ಲಿರಬೇಕು. ಅಲ್ಲಿ ಹಂಚಿಕೊಂಡ ಜಾಗದ ಬದಲು ನಮ್ಮದೇ ವ್ಯವಸ್ಥೆ ಹಾಕಿಕೊಳ್ಳಬಹುದಾದ ಯಂತ್ರಭಾಗವನ್ನು ಪಡೆದರೆ ಮಾತ್ರ ಈ ಲೇಖನದ ಪ್ರಶ್ನೆಗೆ ಅರ್ಥ. ಹಂಚಿಕೊಂಡ ಜಾಗದಲ್ಲಿ ಆಯ್ಕೆ ಮಾಡುವವರು ಬೇರೆ. ಎಲ್ಲವೂ ಜಾಲಕ್ಕೆ ಏರಬೇಕೆಂದೂ ಇಲ್ಲ. ನೇಮದ ಮದಿಪು, ಮನೆತನಕ್ಕೆ ಸೀಮಿತವಾದ ಪಾಡ್ದನಗಳನ್ನು ಒಪ್ಪಿಗೆಯಿಲ್ಲದೆ ತೆರೆದಿಡಬಾರದು. ಅಂಥ ಕಡಕೋಶಗಳಿಗೆ ಬೀಗ ಹಾಕುವ ಸೌಲಭ್ಯ ಎಲ್ಲ ವ್ಯವಸ್ಥೆಗಳಲ್ಲೂ ಇದೆ. ಸಂಗ್ರಹದ ಒಂದು ಪೂರ್ಣ ಪ್ರತಿ, ಅದರ ಸೂಚಿಯ ಸರಳ ಪಠ್ಯ ಕಡತ ಮತ್ತು ವ್ಯವಸ್ಥೆಯನ್ನು ಮೊದಲಿನಿಂದ ಕಟ್ಟುವ ಕ್ರಮವನ್ನು ವಿವರಿಸುವ ನಾಲ್ಕು ಮುದ್ರಿತ ಹಾಳೆಗಳು ಹೊರಗಣ ಡಿಸ್ಕಿನೊಂದಿಗೆ ತಾಲೂಕಿನ ಎರಡು ಬೇರೆ ಬೇರೆ ಗ್ರಂಥಾಲಯಗಳಲ್ಲಿ ಇರಬೇಕು. ಹೊಸ ಆವೃತ್ತಿಗೆ ಏರುವ ದಿನವೇ ಆ ಡಿಸ್ಕುಗಳನ್ನೂ ತೆರೆದು, ಕಡತಗಳನ್ನು ಎಣಿಸಿ, ಕನಿಷ್ಠ ಹತ್ತು ಹಾಡುಗಳನ್ನು ಕೊನೆಯವರೆಗೆ ಕೇಳಿ, ದಾಖಲೆ ಪುಸ್ತಕದಲ್ಲಿ ತಾರೀಖು ಬರೆದಿಡಬೇಕು.